ಶಾಂಪೂ ಬಾಟಲಿಯ ಪಕ್ಕ ರಾತ್ರಿ ಯಾರಿರುತ್ತಾರೆ?

1996ರಲ್ಲಿ ಬಾಂಗ್ಲಾದೇಶದ ಸಿಲ್ಹೆಟ್‌ನಲ್ಲಿ ಮೊಹಮ್ಮದ್ ಜೋಬಾಯರ್ ಚಿಸ್ತಿ ಎಂಬ ಎಳೆಯ ವೈದ್ಯರ ಕಣ್ಣೆದುರೇ ಒಂದೇ ರಾತ್ರಿ ಮೂರು ಮಕ್ಕಳು ನ್ಯುಮೋನಿಯಾದಿಂದ ತೀರಿಕೊಂಡವು. ಮುಂದೆ ಅವರು ಮೆಲ್ಬರ್ನ್‌ನಲ್ಲಿ 'ಬಬಲ್ ಸಿಪ್ಯಾಪ್' ಎಂಬ, ಉಸಿರಾಟಕ್ಕೆ ನೆರವಾಗುವ ಸಾಧನ ನೋಡಿ ಬಂದು, ಢಾಕಾದ ಆಸ್ಪತ್ರೆಯಲ್ಲಿ ಬಿಸಾಡಿದ ಶಾಂಪೂ ಬಾಟಲಿಯಿಂದಲೇ ಅಂಥದ್ದೊಂದನ್ನು ಕಟ್ಟಿದರು.

ಕೆಲಸ ಮಾಡುವ ಬಗೆ ಸರಳ. ಮಗುವಿನ ಮೂಗಿಗೆ ಆಮ್ಲಜನಕದ ನಳಿಕೆ. ಮಗು ಬಿಟ್ಟ ಉಸಿರು ಇನ್ನೊಂದು ಕೊಳವೆ ಹಿಡಿದು ಬಾಟಲಿಯ ನೀರಿಗೆ ಇಳಿದು ಗುಳುಗುಳು ಎನ್ನುತ್ತದೆ. ಕೊಳವೆ ನೀರಿನಲ್ಲಿ ಎಷ್ಟು ಆಳ ಮುಳುಗಿದೆಯೋ ಅಷ್ಟು ಒತ್ತಡ. ಶ್ವಾಸಕೋಶದ ಪುಟ್ಟ ಗಾಳಿಚೀಲಗಳು ಮುದುಡಿಕೊಳ್ಳದಂತೆ ಕಾಯುವುದು ಆ ಒತ್ತಡವೇ. ನೀರಿನಲ್ಲಿ ಗುಳ್ಳೆ ನಿಂತರೆ ಎಲ್ಲೋ ಸೋರಿಕೆ ಇದೆ ಎಂದರ್ಥ, ಯಾರಾದರೂ ತಕ್ಷಣ ನೋಡಬೇಕು.

2015ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಢಾಕಾದ ಪರೀಕ್ಷೆಯ ಫಲಿತಾಂಶ ಬಂತು. ಮಾಮೂಲಿ ಕಡಿಮೆ ಹರಿವಿನ ಆಮ್ಲಜನಕ ಪಡೆದ 67 ಮಕ್ಕಳಲ್ಲಿ 10 ಸತ್ತಿದ್ದವು, ಬಬಲ್ ಸಿಪ್ಯಾಪ್ ಪಡೆದ 79ರಲ್ಲಿ 3. ದುಬಾರಿಯಾದದ್ದೇ ಒಳ್ಳೆಯ ಚಿಕಿತ್ಸೆ ಎಂದು ಕಾಲಕಾಲಕ್ಕೆ ನಮ್ಮನ್ನು ನಂಬಿಸುತ್ತಾ ಬಂದ ಉದ್ಯಮಕ್ಕೆ ಇದಕ್ಕಿಂತ ನೇರ ಉತ್ತರ ಬೇಕೇ? ಇಂಥ ಬಾಟಲಿ ಮಾರಿ ಯಾರಿಗೂ ಲಾಭವಿಲ್ಲ, ಹಾಗಾಗಿ ಅದರ ಪರ ಮಾತಾಡುವ ಏಜೆಂಟರೂ ಇಲ್ಲ.

ಆದರೆ ಕಥೆಯನ್ನು ಇಲ್ಲಿಗೇ ನಿಲ್ಲಿಸಿ ಹಂಚಿಕೊಳ್ಳುವವರ ಮೇಲೆ ನನಗೆ ಅಸಮಾಧಾನವಿದೆ. ಮಲಾವಿಯ ಒಂದು ಜಿಲ್ಲಾ ಆಸ್ಪತ್ರೆಯಲ್ಲಿ ಇದೇ ತತ್ವದ ಸಾಧನವನ್ನು ಪರೀಕ್ಷಿಸಿ 2019ರಲ್ಲಿ ವರದಿ ಪ್ರಕಟಿಸಿದರು. ಅಲ್ಲಿ ವೈದ್ಯರ ದಿನನಿತ್ಯದ ಮೇಲ್ವಿಚಾರಣೆ ಇರಲಿಲ್ಲ. ಅಲ್ಲಿನ ಮಕ್ಕಳಲ್ಲಿ ಹಲವರಿಗೆ ಎಚ್ಐವಿ ಅಥವಾ ತೀವ್ರ ಅಪೌಷ್ಟಿಕತೆ ಇತ್ತು. ಸಾಧನ ಹಾಕಿದವರಲ್ಲಿ ಶೇ. 17, ಮಾಮೂಲಿ ಆಮ್ಲಜನಕದವರಲ್ಲಿ ಶೇ. 11 ಸಾವು! ಎರಡೂ ಕಡೆ ತತ್ವ ಒಂದೇ.

ಅಗ್ಗದ ಚಿಕಿತ್ಸೆಯೆಲ್ಲಕ್ಕೂ ಇಷ್ಟು ಕಾವಲು ಬೇಕಿಲ್ಲ. 1971ರ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದಾಗ ಡಾ. ದಿಲೀಪ್ ಮಹಾಲನಬೀಸ್ ಉಪ್ಪು-ಗ್ಲೂಕೋಸ್ ನೀರನ್ನು ರೋಗಿಗಳ ಮನೆಯವರ ಕೈಗೇ ಕೊಟ್ಟರು. ಸಾವು ಶೇ. 30ರ ಆಸುಪಾಸಿನಿಂದ ಶೇ. 4ಕ್ಕಿಂತ ಕೆಳಗಿಳಿಯಿತು. ಅಲ್ಲಿ ಕುಡಿಸುವುದಕ್ಕೆ ತಾಯಿಯೇ ಸಾಕಿದ್ದಳು. ಉಸಿರಾಟದ ಒತ್ತಡ ಹಾಗಲ್ಲ, ಅದಕ್ಕೆ ಪಳಗಿದ ನರ್ಸ್ ಬೇಕು, ಮಧ್ಯರಾತ್ರಿಯೂ ಬೇಕು.

ಆದ್ದರಿಂದ ಅಗ್ಗದ ಸಾಧನ ಬಂತೆಂದು ಆರೋಗ್ಯದ ಬಜೆಟ್ ಕತ್ತರಿಸುವ ಯೋಚನೆಯನ್ನೇ ನಾನು ವಿರೋಧಿಸುತ್ತೇನೆ. ಯಂತ್ರದಲ್ಲಿ ಉಳಿದ ದುಡ್ಡು ನರ್ಸ್‌ಗಳ ನೇಮಕಕ್ಕೆ, ತರಬೇತಿಗೆ, ರಾತ್ರಿ ಪಾಳಿಯ ಸಂಬಳಕ್ಕೆ ಹೋಗಬೇಕು. ಇನ್ನು ಮುಂದೆ ಇಂಥ ಆವಿಷ್ಕಾರದ ಸುದ್ದಿ ಹಂಚಿಕೊಳ್ಳುವವರು ಬೆಲೆಯ ಜೊತೆ ಇದನ್ನೂ ಬರೆಯಿರಿ: ಒಬ್ಬ ನರ್ಸ್‌ಗೆ ಎಷ್ಟು ಮಕ್ಕಳು?