ಕೈ ಚುರುಕು, ಕಾಲು ನಿಧಾನ: ಈ ಹುಡುಗನನ್ನು ಮೊದಲ ಸುತ್ತಿನಲ್ಲೇ ಆರಿಸಬೇಕೇ?

ಕೆನಡಾದ ಜೂನಿಯರ್ ಲೀಗ್ ಆದ ಒಂಟಾರಿಯೊ ಹಾಕಿ ಲೀಗ್‌ನಲ್ಲಿ ಆಡುವ ಒಬ್ಬ ಹದಿನೇಳರ ಹುಡುಗ ಅಂದುಕೊಳ್ಳಿ. ಐಸ್ ಹಾಕಿಯ ಫಾರ್ವರ್ಡ್. ಗೋಲು ಹೊಡೆದರೂ ಒಂದು ಪಾಯಿಂಟ್, ಹೊಡೆಸಿದರೂ ಒಂದು ಪಾಯಿಂಟ್. ಆ ಲೆಕ್ಕದಲ್ಲಿ ಇವನದು ಪಂದ್ಯಕ್ಕೆ ಒಂದಕ್ಕಿಂತ ಜಾಸ್ತಿ. ಪಕ್ (ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ) ಇವನ ಸ್ಟಿಕ್ಕಿಗೆ ಅಂಟಿಕೊಂಡ ಹಾಗೆ ಇರುತ್ತದೆ. ಓಟ ಮಾತ್ರ ಭಾರ. ಮೊದಲ ಮೂರು ಹೆಜ್ಜೆಯಲ್ಲೇ ಹಿಂದೆ ಬೀಳುತ್ತಾನೆ. ಎನ್‌ಎಚ್‌ಎಲ್ ಅಂದ್ರೆ ಉತ್ತರ ಅಮೆರಿಕದ ದೊಡ್ಡ ವೃತ್ತಿಪರ ಹಾಕಿ ಲೀಗ್. ಅದರ ತಂಡಗಳು ಸರದಿಯಲ್ಲಿ ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ 7 ಸುತ್ತು, 32 ತಂಡ. ಮೊದಲ ಸುತ್ತಿನಲ್ಲೇ ಇವನ ಹೆಸರು ಕೂಗಬೇಕೇ?

ಪರ: ಕಾಲನ್ನು ತಿದ್ದಬಹುದು, ತಲೆಯನ್ನು ತಿದ್ದೋದು ಕಷ್ಟ

ಪವರ್ ಪ್ಲೇ ನಡೆಯುವಾಗ ಇವನನ್ನು ನೋಡಬೇಕು. ಎದುರಾಳಿ ತಂಡದ ಒಬ್ಬ ತಪ್ಪು ಮಾಡಿ ಪೆನಾಲ್ಟಿ ಬಾಕ್ಸ್‌ನಲ್ಲಿ ಕೂತಿದ್ದಾನೆ, ಹಾಗಾಗಿ ಐಸ್ ಮೇಲೆ ಅವರ ಕಡೆ ಒಬ್ಬ ಕಮ್ಮಿ. ಇವನು ಬಲಗಡೆ ಬೋರ್ಡಿನ (ಅಂಗಳದ ಸುತ್ತಲಿನ ಗೋಡೆ) ಹತ್ತಿರ ನಿಂತಿದ್ದಾನೆ. ಪಕ್ ಇನ್ನೂ ಬಂದಿಲ್ಲ, ಅಷ್ಟರಲ್ಲೇ ಎರಡು ಸಲ ಹೆಗಲ ಮೇಲಿಂದ ಹಿಂದೆ ನೋಡಿ ಆಯ್ತು. ಪಕ್ ಬಂತು. ಇನ್ನೇನು ಹೊಡೆದೇಬಿಡುತ್ತಾನೆ ಅನ್ನುವ ಹಾಗೆ ಸ್ಟಿಕ್ ಎತ್ತಿದ. ತಡೆಯೋಕೆ ಅಂತ ಎದುರಿನ ಡಿಫೆನ್ಸ್ ಆಟಗಾರ ಒಂದು ಮೊಣಕಾಲು ಊರಿದ. ಗೋಲ್‌ಕೀಪರೂ ಇತ್ತ ಸರಿದ. ಇವನು ಹೊಡೆಯಲೇ ಇಲ್ಲ. ಊರಿದ ಮೊಣಕಾಲಿನ ಪಕ್ಕದ ಸಂದಿಯಲ್ಲಿ ಪಕ್ಕನ್ನು ಅತ್ತ ಕಡೆ ಜಾರಿಸಿದ. ಅಲ್ಲಿದ್ದವನ ಮುಂದೆ ಗೋಲು ಬಾಗಿಲು ತೆರೆದಿತ್ತು.

ಇದನ್ನು ಯಾವ ಕೋಚ್ ಹೇಳಿಕೊಡುತ್ತಾನೆ? ಬೇಕಾದಷ್ಟು ವಿಡಿಯೋ ತೋರಿಸಬಹುದು. ಆದರೆ ಪಕ್ ಬರೋಕೆ ಮುಂಚೆ ಹಿಂದೆ ತಿರುಗಿ ನೋಡುವ ಅಭ್ಯಾಸ ಇಪ್ಪತ್ತು ದಾಟಿದ ಮೇಲೆ ಹೊಸದಾಗಿ ಬರೋದು ಅಪರೂಪ.

ಓಟದ ಕಥೆ ಹಾಗಲ್ಲ. ಈ ಹುಡುಗ ಸ್ಕೇಟ್ ಮಾಡುವಾಗ ಮೊಣಕಾಲು ಸಾಕಷ್ಟು ಬಗ್ಗೋದಿಲ್ಲ. ಬೆನ್ನು ನೆಟ್ಟಗೆ ಇರುತ್ತದೆ. ಹಾಗಾಗಿ ಐಸನ್ನು ಪೂರ್ತಿ ಒತ್ತಿ ತಳ್ಳುವ ಮೊದಲೇ ಕಾಲು ಎತ್ತಿಬಿಡುತ್ತಾನೆ. ಇದು ತಂತ್ರದ ದೋಷ. ತೊಡೆಯಲ್ಲಿ ಇನ್ನೂ ಬಲ ತುಂಬಿಲ್ಲ, ಅದು ವಯಸ್ಸಿನ ಮಾತು. ಎರಡಕ್ಕೂ ಮದ್ದಿದೆ.

ಬ್ರೇಡನ್ ಪಾಯಿಂಟ್ ಅವರನ್ನೇ ನೋಡಿ. 2014ರಲ್ಲಿ ಟ್ಯಾಂಪಾ ಬೇ ತಂಡ ಅವರನ್ನು ತೆಗೆದುಕೊಂಡಿದ್ದು 79ನೆಯವರಾಗಿ. ಆಳು ಗಿಡ್ಡ, ಓಟ ಸಾಲದು ಅನ್ನೋದು ಆಗಿನ ದೂರು. 1984ರಲ್ಲಿ ಜೋಡಿ ಫಿಗರ್ ಸ್ಕೇಟಿಂಗ್‌ನ ವಿಶ್ವ ಚಾಂಪಿಯನ್ ಆಗಿದ್ದ ಬಾರ್ಬರಾ ಅಂಡರ್‌ಹಿಲ್ ಅವರ ಕಾಲನ್ನು ತಿದ್ದಿದರು. ಮುಂದೆ ಅದೇ ಬ್ರೇಡನ್ ವೇಗಕ್ಕೇ ಹೆಸರಾದರು. 2020, 2021ರಲ್ಲಿ ಎನ್‌ಎಚ್‌ಎಲ್ ಗೆದ್ದ ತಂಡಕ್ಕೆ ಸಿಗುವ ಸ್ಟ್ಯಾನ್ಲಿ ಕಪ್, 2022-23ರಲ್ಲಿ 51 ಗೋಲು. ಜೇಸನ್ ರಾಬರ್ಟ್‌ಸನ್ ಬಗ್ಗೆಯೂ ಓಟದ್ದೇ ತಕರಾರು. 2017ರಲ್ಲಿ ಡಲ್ಲಾಸ್ ತಂಡಕ್ಕೆ 39ನೇ ಆಯ್ಕೆಯಾಗಿ ಹೋದರು. 2022-23ರಲ್ಲಿ 46 ಗೋಲು, 109 ಪಾಯಿಂಟ್. ಲೂಕ್ ರೋಬಿಟಾಯ್ ಅಂತೂ 1984ರಲ್ಲಿ 171ನೆಯವರು. ಅವರ ಓಟ ಕೊನೆಯವರೆಗೂ ಅಂಥಾ ವೇಗವೇನೂ ಆಗಲಿಲ್ಲ, ಆದರೂ 668 ಗೋಲು ಹೊಡೆದರು.

ಹುಟ್ಟಿದ ತಾರೀಖನ್ನೂ ಸ್ವಲ್ಪ ನೋಡಿ. ಡ್ರಾಫ್ಟ್‌ಗೆ ಸೆಪ್ಟೆಂಬರ್ 15ರ ಒಳಗೆ 18 ತುಂಬಬೇಕು. ಸೆಪ್ಟೆಂಬರ್ ಮೊದಲ ವಾರ ಹುಟ್ಟಿದವನೂ, ಅದರ ಹಿಂದಿನ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ ಹುಟ್ಟಿದವನೂ ಒಂದೇ ಪಟ್ಟಿಯಲ್ಲಿ ಇರುತ್ತಾರೆ. ಹತ್ತಿರ ಹತ್ತಿರ ಒಂದು ವರ್ಷದ ಅಂತರ. ಹದಿನೇಳರಲ್ಲಿ ಒಂದು ವರ್ಷ ಅಂದ್ರೆ ಸುಮ್ನೆ ಅಲ್ಲ. ನಮ್ಮ ಹುಡುಗ ಆ ಚಿಕ್ಕವರ ಗುಂಪಿನವನಾದರೆ ನಾನು ಎರಡನೇ ಯೋಚನೆ ಮಾಡೋದಿಲ್ಲ.

ವಿರೋಧ: ಬೆಲೆ ಜಾಸ್ತಿ ಆಯ್ತು

ಪರ ವಾದದ ಹೆಸರುಗಳನ್ನೇ ಇನ್ನೊಮ್ಮೆ ಓದಿ. 79, 39, 171. ಒಬ್ಬರಾದರೂ ಮೊದಲ ಸುತ್ತಿನಲ್ಲಿ ಹೋದರಾ? ಕಾದು ಕೂತ ತಂಡಕ್ಕೆ ಅವರು ಕಡಿಮೆ ಬೆಲೆಗೆ ಸಿಕ್ಕರು. ಈ ಉದಾಹರಣೆಗಳು ಹೇಳೋದು 'ಇಂಥವನನ್ನು ಬಿಡಬೇಡ' ಅಂತ. 'ಇಂಥವನಿಗೆ ಮೊದಲ ಸುತ್ತನ್ನೇ ಸುರಿ' ಅಂತ ಅಲ್ಲ. ಇನ್ನೊಂದು ವಿಷಯ, ಕಾಲು ಸರಿಹೋಗದೆ ಮನೆಗೆ ಹೋದವರ ಹೆಸರು ಯಾರ ಬಾಯಲ್ಲೂ ಇರೋದಿಲ್ಲ. ಗೆದ್ದವರನ್ನು ಮಾತ್ರ ಎಣಿಸಿದರೆ ಯಾವ ಜೂಜೂ ಲಾಭದ್ದೇ.

ಮೊದಲ ಸುತ್ತಿನಲ್ಲೇ ಹೋದ ಒಬ್ಬರು ಇದ್ದಾರೆ, ರಾಬ್ ಶ್ರೆಂಪ್. 2004ರಲ್ಲಿ ಎಡ್ಮಂಟನ್ ತಂಡದ 25ನೇ ಆಯ್ಕೆ. 2005-06ರಲ್ಲಿ ಒಂಟಾರಿಯೊ ಲೀಗ್‌ನ ಲಂಡನ್ ನೈಟ್ಸ್ ತಂಡಕ್ಕೆ ಆಡುತ್ತಾ 145 ಪಾಯಿಂಟ್ ಗಳಿಸಿದರು. ಕೈಚಳಕದ ಬಗ್ಗೆ ಯಾರಿಗೂ ಅನುಮಾನ ಇರಲಿಲ್ಲ, ಇದ್ದದ್ದು ಓಟದ ಬಗ್ಗೆ. ಎನ್‌ಎಚ್‌ಎಲ್‌ನಲ್ಲಿ ಅವರು ಆಡಿದ್ದು ಒಟ್ಟು 114 ಪಂದ್ಯ.

ಇದೇಕೆ ಹೀಗಾಗುತ್ತದೆ? ರಿಂಕ್, ಅಂದ್ರೆ ಐಸ್ ಅಂಗಳ, 200 ಅಡಿ ಉದ್ದ, 85 ಅಡಿ ಅಗಲ. ಮೇಲಿನ ಲೀಗ್‌ಗೆ ಹೋದರೂ ಅಳತೆ ಅಷ್ಟೇ. ಆದರೆ ಅಲ್ಲಿ ಜಾಗ ಕುಗ್ಗಿದ ಹಾಗೆ ಆಗುತ್ತದೆ, ಯಾಕೆಂದರೆ ಎದುರಿನವರು ಬೇಗ ಬಂದು ಮುಟ್ಟುತ್ತಾರೆ. ಜೂನಿಯರ್‌ನಲ್ಲಿ ನಮ್ಮ ಹುಡುಗ ಎದುರಾಳಿಯ ವಲಯ ಶುರುವಾಗುವ ಬ್ಲೂ ಲೈನ್ ದಾಟಿದ ಕೂಡಲೇ ಡಿಫೆನ್ಸ್‌ನವನು ಹೆದರಿ ಎರಡು ಮಾರು ಹಿಂದೆ ಸರಿಯುತ್ತಾನೆ. ಆ ಎರಡು ಮಾರಿನಲ್ಲೇ ಇವನ ಜಾಣತನ ಎಲ್ಲ ನಡೆಯೋದು. ದೊಡ್ಡವರ ಆಟದಲ್ಲಿ ಆ ಜಾಗ ಯಾರೂ ಬಿಟ್ಟುಕೊಡೋದಿಲ್ಲ. ತಲೆಗೆ ಸರಿ ಉತ್ತರ ಹೊಳೆದಿರುತ್ತದೆ, ಕಾಲು ಅಲ್ಲಿಗೆ ತಲುಪುವಷ್ಟರಲ್ಲಿ ಪ್ರಶ್ನೆಯೇ ಬದಲಾಗಿರುತ್ತದೆ.

ಪವರ್ ಪ್ಲೇ ನೋಡಿ ಅಂದರಲ್ಲಾ, ಅದನ್ನು ಬದಿಗಿಟ್ಟು ನೋಡಿ ಅನ್ನೋದು ನನ್ನ ಮಾತು. ಐದು ಜನಕ್ಕೆ ಐದು ಜನ ಇರುವಾಗ ಎಷ್ಟು ಪಾಯಿಂಟ್? ಜೊತೆಗೆ ಆಡುವವರು ಯಾರು? ಅಲೆಕ್ಸ್ ಡೆಬ್ರಿಂಕಾಟ್ 2014-15ರಲ್ಲಿ ಅದೇ ಒಂಟಾರಿಯೊ ಲೀಗ್‌ನ ಈರೀ ಆಟರ್ಸ್ ಪರ 51 ಗೋಲು ಹೊಡೆದಾಗ, ಅದು ಆ ತಂಡದ ತಾರೆ ಕಾನರ್ ಮೆಕ್‌ಡೇವಿಡ್ ಜೊತೆಗಿದ್ದ ಪುಣ್ಯ ಅಂದವರಿದ್ದರು. ಮೆಕ್‌ಡೇವಿಡ್ ಎನ್‌ಎಚ್‌ಎಲ್‌ಗೆ ಹೋದರು. ಮುಂದಿನ ವರ್ಷ ಮತ್ತೆ 51. ಬಾಯಿ ಮುಚ್ಚಿತು. ಆದರೂ ಆಳು ಗಿಡ್ಡ ಅಂತ 2016ರಲ್ಲಿ ಅವರೂ 39ರವರೆಗೆ ಕಾಯಬೇಕಾಯಿತು, ಅದು ತಂಡಗಳಿಗೆ ಆಟಗಾರರನ್ನು ಹುಡುಕುವ ಸ್ಕೌಟ್‌ಗಳ ತಪ್ಪು, ಒಪ್ಪೋಣ. ನಮ್ಮ ಹುಡುಗ ಅಂಥ ಪರೀಕ್ಷೆ ಇನ್ನೂ ಬರೆದೇ ಇಲ್ಲ. ಈಗಲೇ ಮೊದಲ ಸುತ್ತು ಅಂದರೆ ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ ಹಾಗೆ.

ನನಗೆ ಜಾಸ್ತಿ ಚುಚ್ಚುವುದು ಬೇರೆಯದು. ಪಕ್ ಕಳೆದುಕೊಂಡ ಮೇಲಿನ ಐದು ಸೆಕೆಂಡ್ ಇವನ ಮೇಲೇ ಕಣ್ಣಿಡಿ, ಪಕ್ ಎಲ್ಲಾದರೂ ಹೋಗಲಿ. ತಲೆ ಮೇಲೆತ್ತಿ ಛಾವಣಿ ನೋಡುತ್ತಾನೆ. ಅರ್ಧ ಸುತ್ತು ತಿರುಗುತ್ತಾನೆ. ಎರಡು ಹೆಜ್ಜೆ ತಳ್ಳಿ, ಆಮೇಲೆ ಬರೀ ಜಾರಿಕೊಂಡು ಬರುತ್ತಾನೆ. ಕಾಲು ನಿಧಾನ ಅನ್ನೋದು ಒಂದು, ಕಾಲು ಆಡಿಸದೇ ಇರೋದು ಇನ್ನೊಂದು. ಮೊದಲನೆಯದಕ್ಕೆ ಸ್ಕೇಟಿಂಗ್ ಕೋಚ್ ಇದ್ದಾರೆ.

ಎರಡನೇ ಸುತ್ತಿನಲ್ಲೂ ಉಳಿದಿದ್ದರೆ ಇವನ ಹೆಸರನ್ನು ನಾನೇ ಮೊದಲು ಹೇಳುತ್ತೇನೆ. ಅದಕ್ಕೂ ಮುಂಚೆ ಇನ್ನೂ ಒಂದು ಪಂದ್ಯ ನೋಡಬೇಕು: ಸತತ ಎರಡು ದಿನ ಆಟ ಇರುವಾಗ ಎರಡನೇ ದಿನದ್ದು, ಮೂರನೇ, ಅಂದ್ರೆ ಕೊನೆಯ, ಪೀರಿಯಡ್, ತಂಡ ನಾಲ್ಕು ಗೋಲು ಹಿಂದೆ ಇರುವಾಗ.