ಶುಂಠಿಗೆ ಭೂಮಿ ಕೊಡುವ ಮುಂಚೆ ಮಣ್ಣು ಪರೀಕ್ಷೆ ಮಾಡಿಸಿ

ಹಾಸನದ ರೈತರಿಗೆ ಜಲಂಧರ್ ಅಂದರೆ ಆಲೂಗಡ್ಡೆ ಬಿತ್ತನೆ. ಮುಂಗಾರಿಗೆ ಮುಂಚೆ ಬಿತ್ತನೆ ಗೆಡ್ಡೆ ಪಂಜಾಬಿನಿಂದ ಲಾರಿಗಟ್ಟಲೆ ಹಾಸನದ ಎಪಿಎಂಸಿಗೆ ಬಂದಿಳಿಯುತ್ತದೆ. ನಾನಿರುವುದು ಅದೇ ಪಂಜಾಬಿನ ಲುಧಿಯಾನದಲ್ಲಿ. ಗೆಡ್ಡೆಯ ಜೊತೆ ಮಣ್ಣು ಸವೆಸುವ ಇಲ್ಲಿನ ಬೇಸಾಯದ ರೀತಿಯೂ ನಮ್ಮ ಕಡೆಗೆ ಬರುತ್ತಿದೆಯಲ್ಲ ಅಂತ ನನಗೆ ದಿಗಿಲು. ಶುಂಠಿಗೆ ಭೂಮಿ ಗುತ್ತಿಗೆ ಕೊಡುವವರಿಗೆ ಒಂದು ಮಾತು ಹೇಳಬೇಕು ಅನಿಸಿದ್ದೂ ಅದಕ್ಕೇ.

ಇಲ್ಲಿ ಭತ್ತ ಬಿಟ್ಟರೆ ಗೋಧಿ, ಗೋಧಿ ಬಿಟ್ಟರೆ ಭತ್ತ. ಭತ್ತ ಕೊಯ್ದು ಗೋಧಿ ಬಿತ್ತುವುದರ ನಡುವೆ ಸಿಗುವ ಪುರುಸೊತ್ತು ಎರಡು ಮೂರು ವಾರ. ಅದಕ್ಕೇ ಹುಲ್ಲಿಗೆ ಬೆಂಕಿ ಇಡುತ್ತಾರೆ. ಅಂತರ್ಜಲ ಎಷ್ಟು ಇಳಿದಿದೆ ಅಂದರೆ, ನಾಟಿ ಯಾವಾಗ ಶುರು ಮಾಡಬೇಕು ಅನ್ನುವುದಕ್ಕೂ 2009ರಲ್ಲಿ ಕಾನೂನು ಬಂತು.

ಆದರೆ ಇದೇ ಊರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿದವರು ರತ್ತನ್ ಲಾಲ್. ಮಣ್ಣಿನ ಕೆಲಸಕ್ಕಾಗಿ 2020ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಪಡೆದವರು. ಮಣ್ಣು ಕಳೆದುಕೊಂಡ ಇಂಗಾಲವನ್ನು (ಹುಲ್ಲು, ಸೊಪ್ಪು, ಗೊಬ್ಬರ ಕೊಳೆತು ಸೇರುವಂಥದ್ದು) ಮಣ್ಣಿಗೇ ಮರಳಿಸಬೇಕು ಅನ್ನುವುದು ಅವರ ವಾದ. ಭೂಮಿಯ ಮೇಲ್ಪದರದ ಒಂದು ಮೀಟರ್ ಆಳದ ಮಣ್ಣಿನಲ್ಲಿರುವ ಇಂಗಾಲ, ಗಾಳಿಯಲ್ಲೂ ಗಿಡಮರಗಳಲ್ಲೂ ಇರುವುದನ್ನು ಸೇರಿಸಿದರೂ ಅದಕ್ಕಿಂತ ಜಾಸ್ತಿ. ಈ ಲೆಕ್ಕದ ಮೇಲೆಯೇ 2015ರಲ್ಲಿ ಪ್ಯಾರಿಸ್‌ನ ಹವಾಮಾನ ಸಮ್ಮೇಳನದಲ್ಲಿ ಫ್ರಾನ್ಸ್, ಮಣ್ಣಿನ ಇಂಗಾಲವನ್ನು ವರ್ಷಕ್ಕೆ ಸಾವಿರಕ್ಕೆ ನಾಲ್ಕರಷ್ಟು ಹೆಚ್ಚಿಸೋಣ ಅಂತ ಕರೆ ಕೊಟ್ಟದ್ದು.

ಈಗ ಲುಧಿಯಾನದ ಸುತ್ತ ಕೆಲವರು ಹುಲ್ಲು ಸುಡುವುದಿಲ್ಲ. ಹ್ಯಾಪಿ ಸೀಡರ್ ಅನ್ನುವ ಯಂತ್ರ ಭತ್ತದ ಕೂಳೆಯ ನಡುವೆಯೇ ಗೋಧಿ ಬಿತ್ತುತ್ತದೆ. ಅಂಥ ಒಂದು ಹೊಲದಲ್ಲಿ ಹುಲ್ಲಿನ ಹೊದಿಕೆ ಸರಿಸಿ ನೋಡಿದೆ. ಕೆಳಗೆ ಮಣ್ಣು ತೇವವಾಗಿತ್ತು, ಬೆರಳಿಗೆ ಪುಡಿಪುಡಿಯಾಗಿ ಸಿಕ್ಕಿತು, ಎರೆಹುಳದ ಹಿಕ್ಕೆ ಕಾಣುತ್ತಿತ್ತು. ಬದುವಿನಾಚೆ ಬೆಂಕಿ ಇಟ್ಟ ಹೊಲದಲ್ಲಿ ಹೆಂಟೆ ಒಡೆಯಲು ಕಾಲಿನಲ್ಲಿ ಒದೆಯಬೇಕಾಯಿತು.

ಪಂಜಾಬು ಇಷ್ಟೆಲ್ಲ ಕಷ್ಟಪಟ್ಟು ಹಿಂದಕ್ಕೆ ತರುತ್ತಿರುವುದು ನಮ್ಮಲ್ಲಿ ಇತ್ತು, ಅಲ್ವಾ? ರಾಗಿ ಹೊಲದಲ್ಲಿ ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು. ಬೇಸಿಗೆಯಲ್ಲಿ ಗಾಡಿಯಲ್ಲಿ ಹೊತ್ತು ತಂದ ಕೆರೆಗೋಡು, ಅಂದರೆ ಕೆರೆಯ ಹೂಳು. ಗದ್ದೆಗೆ ತುಳಿಯುತ್ತಿದ್ದ ಹೊಂಗೆ ಸೊಪ್ಪು. ಸಕಲೇಶಪುರದ ಕಡೆ ಕಾಫಿ ತೋಟಗಳಲ್ಲಿ ನೆರಳಿನ ಮರದ ತರಗೆಲೆ ಇವತ್ತಿಗೂ ನೆಲ ಮುಚ್ಚುತ್ತದೆ. ಬಯಲಿನ ಕಡೆ ಹಾಗಿಲ್ಲ. ದನ ಕಮ್ಮಿಯಾದವು, ತಿಪ್ಪೆ ಕರಗಿತು. ಆಲೂಗಡ್ಡೆ ಅಂಗಮಾರಿ ರೋಗಕ್ಕೆ ಸೋತ ಕಡೆ ಮುಸುಕಿನ ಜೋಳ ಬಂತು. ಅರಕಲಗೂಡಿನಲ್ಲಿ ನಮ್ಮ ಚಿಕ್ಕಪ್ಪನೂ ಜೋಳದ ಕಡ್ಡಿ ಸುಡುತ್ತಾರೆ. "ಅದು ಕೊಳೆಯೋವರೆಗೂ ಕಾಯಕ್ಕೆ ಯಾರಿಗಪ್ಪ ಪುರುಸೊತ್ತು?" ಅಂತಾರೆ. ಪಂಜಾಬಿನ ರೈತರ ಬಾಯಲ್ಲಿ ಕೇಳಿದ್ದೂ ಇದೇ ಮಾತು. ಸುಮ್ನೆ ಅವರನ್ನು ಬೈದು ಪ್ರಯೋಜನವಿಲ್ಲ, ಕಡ್ಡಿ ಪುಡಿ ಮಾಡುವ ಯಂತ್ರ ಬಾಡಿಗೆಗೆ ಹೋಬಳಿಯಲ್ಲೇ ಸಿಗಬೇಕು.

ನನಗೆ ಹೆಚ್ಚು ಹೊಟ್ಟೆ ಉರಿಯುವುದು ಶುಂಠಿಯ ವಿಚಾರದಲ್ಲಿ. ಶುಂಠಿ ಬೆಳೆಯಲು ಭೂಮಿ ಗುತ್ತಿಗೆ ಹಿಡಿದವರಿಗೆ ಒಂದು ಬೆಳೆಯ ಲೆಕ್ಕ ಮಾತ್ರ. ಮಣ್ಣಿನಲ್ಲಿ ಕೊಳೆ ರೋಗ ಉಳಿಯುವುದರಿಂದ ಅದೇ ಜಾಗದಲ್ಲಿ ಮತ್ತೆ ಹಾಕುವುದಿಲ್ಲ, ಬೇರೆ ಹೊಲ ಹುಡುಕುತ್ತಾರೆ. ಗೊಬ್ಬರ, ಔಷಧಿ ಎಲ್ಲ ಉಂಡ ಭೂಮಿ ಉಳಿಯುವುದು ಮಾಲೀಕನಿಗೆ. ಗುತ್ತಿಗೆ ದುಡ್ಡು ಬೇಕಾದವರಿಗೆ ಕೊಡಬೇಡಿ ಅನ್ನಲಾರೆ. ಆದರೆ ಕರಾರಿನಲ್ಲಿ ಎರಡು ಸಾಲು ಸೇರಿಸಬಹುದು. ಕೊಡುವ ಮುಂಚೆ ಒಮ್ಮೆ, ಬಿಡಿಸಿಕೊಳ್ಳುವಾಗ ಒಮ್ಮೆ ಮಣ್ಣು ಪರೀಕ್ಷೆ ಆಗಬೇಕು. ಹೋಗುವವರು ಹಸಿರು ಗೊಬ್ಬರಕ್ಕೆ ಸೆಣಬನ್ನೋ ಡಯಾಂಚವನ್ನೋ ಬಿತ್ತಿ, ಹೂ ಬರುವ ಹೊತ್ತಿಗೆ ಮಣ್ಣಿಗೆ ಸೇರಿಸಿ ಹೋಗಬೇಕು. ಸಾವಯವ ಇಂಗಾಲ 0.5 ಶೇಕಡಕ್ಕಿಂತ ಕೆಳಗಿದ್ದರೆ ಪರೀಕ್ಷೆಯ ಫಲಿತಾಂಶ ಕೊಡುವ ಮಣ್ಣಿನ ಕಾರ್ಡಿನಲ್ಲಿ 'ಕಡಿಮೆ' ಅಂತ ಬರುತ್ತದೆ. ಮೊದಲ ಕಾರ್ಡಿನಲ್ಲಿದ್ದದ್ದು ಎರಡನೆಯದರಲ್ಲಿ ಇಳಿದಿದ್ದರೆ, ಆ ನಷ್ಟಕ್ಕೆ ಕೊಟ್ಟಿಗೆ ಗೊಬ್ಬರದ ಖರ್ಚನ್ನು ಗುತ್ತಿಗೆಯವರೇ ಕೊಡಲಿ. ಮಣ್ಣಿನ ಮಾದರಿ ಕೊಡಲು ಹೋಬಳಿಯ ರೈತ ಸಂಪರ್ಕ ಕೇಂದ್ರವಿದೆ.