ಪದದಲ್ಲಿ ಕವಿಯ ಅಂಕಿತವಿದೆ, ಹಾಡಿದವರ ಹೆಸರೆಲ್ಲಿ?

ಡೌನ್‌ಲೋಡ್ ಬಂದು ಕಲಾವಿದರ ಹೊಟ್ಟೆಯ ಮೇಲೆ ಹೊಡೆಯಿತು ಎಂದು ಯಾರಾದರೂ ಮೈಕಿನ ಮುಂದೆ ಮರುಗಿದಾಗಲೆಲ್ಲ ನನಗೆ ರೇಗುತ್ತದೆ. ಯಾವ ಕಲಾವಿದರು? ಸಿನಿಮಾ ಹಾಡಿನವರ ಲೆಕ್ಕ ಬೇರೆ, ಅದನ್ನು ಬೆಂಗಳೂರು, ಮುಂಬೈಯವರು ನೋಡಿಕೊಳ್ಳಲಿ. ನಮ್ಮ ಜೇವರ್ಗಿ, ಅಫಜಲಪುರ, ಶಹಾಪುರ, ಸುರಪುರದ ಕಡೆ ತತ್ವಪದ, ಭಜನಾ ಪದ, ಮೊಹರಂ ಪದ ಹಾಡುವವರಿಗೆ ಕ್ಯಾಸೆಟ್ ಭರ್ಜರಿಯಾಗಿ ಮಾರಾಟವಾಗುತ್ತಿದ್ದ ಕಾಲದಲ್ಲೂ ಸಿಕ್ಕಿದ್ದು ಅಷ್ಟಕ್ಕಷ್ಟೇ. ಇಲ್ಲದ ಗಂಟನ್ನು ಕಳ್ಳ ಹೊತ್ತೊಯ್ಯುವುದು ಹೇಗೆ?

ಜೇವರ್ಗಿ ತಾಲ್ಲೂಕಿನ ಹಿರಿಯ ಗಾಯಕರೊಬ್ಬರು ನಮ್ಮ ಮನೆಗೆ ಬಹಳ ಬೇಕಾದವರು. ನಾವೆಲ್ಲ ಕಾಕಾ ಎನ್ನುತ್ತೇವೆ. ತೊಂಬತ್ತರ ದಶಕದಲ್ಲಿ ಒಂದು ಕ್ಯಾಸೆಟ್ ಕಂಪನಿ ಅವರ ಮೇಳವನ್ನು ಕರೆಸಿ, ಬೆಳಗಿನಿಂದ ರಾತ್ರಿಯವರೆಗೆ ಕೂಡಿಸಿ, ಎರಡು ಬದಿಗೆ ಸಾಕಾಗುವಷ್ಟು ಪದ ಹಾಡಿಸಿತು. ಕೈಗೆ ಸಣ್ಣದೊಂದು ಇಡಿಗಂಟು, ಬಸ್ ಚಾರ್ಜು, ಊಟ, ಹೊರಡುವಾಗ ಚೀಲದಲ್ಲಿ ಒಂದಿಷ್ಟು ಕ್ಯಾಸೆಟ್. ಇಂಗ್ಲಿಷಿನಲ್ಲಿದ್ದ ಕಾಗದಕ್ಕೆ ಸಹಿ ಹಾಕಿ ಬಂದರು. ಆಮೇಲೆ ಆ ಪದಗಳು ಹೋಟೆಲ್ಲು, ಟಂಟಂ ಆಟೊ, ಹಿಟ್ಟಿನ ಗಿರಣಿ ಎಲ್ಲ ಕಡೆ ವರ್ಷಗಟ್ಟಲೆ ಮೊಳಗಿದವು. ಎಷ್ಟು ಮಾರಾಟವಾಯಿತೆಂದು ಕಂಪನಿ ಹೇಳಲಿಲ್ಲ, ಇವರೂ ಕೇಳಲಿಲ್ಲ. ಆದರೂ ಒಂದು ಲಾಭವಿತ್ತು. ಕ್ಯಾಸೆಟ್ಟಿನ ಹೊದಿಕೆಯ ಮೇಲೆ ರುಮಾಲು ಸುತ್ತಿದ ಅವರ ಫೋಟೊ, ಹೆಸರು, ಊರು ಅಚ್ಚಾಗಿತ್ತು. ಅದನ್ನು ನೋಡಿ ಜನ ಜಾತ್ರೆಗೆ, ಪುರಾಣದ ಮಂಗಲಕ್ಕೆ ಹುಡುಕಿಕೊಂಡು ಬರುತ್ತಿದ್ದರು. ಮನೆ ನಡೆದದ್ದು ಆ ಕಾರ್ಯಕ್ರಮಗಳಿಂದ, ಕ್ಯಾಸೆಟ್ಟಿನಿಂದಲ್ಲ.

ಆಮೇಲೆ ಮೆಮೊರಿ ಕಾರ್ಡ್ ಬಂತು. ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಸುತ್ತ, ಬಸ್ ನಿಲ್ದಾಣಗಳ ಬಾಯಲ್ಲಿ, ಸಂತೆಯ ಊರುಗಳಲ್ಲಿ ಮೊಬೈಲ್ ರಿಪೇರಿಯ ಜೊತೆಗೆ ‘ಇಲ್ಲಿ ಹಾಡು ಹಾಕಿಕೊಡಲಾಗುತ್ತದೆ’ ಎಂಬ ಬೋರ್ಡುಗಳು ಎದ್ದವು. ಉಗುರಿನಷ್ಟು ಕಾರ್ಡನ್ನು ಹುಡುಗ ರೀಡರಿಗೆ ಸಿಕ್ಕಿಸುತ್ತಿದ್ದ. ಕಂಪ್ಯೂಟರಿನಲ್ಲಿ ಭಜನಾ, ಜಾನಪದ, ಮೊಹರಂ, ಡಿಜೆ ಎಂದು ಫೋಲ್ಡರುಗಳ ಸಾಲು. “ಯಾರ ಹಾಡು ಬೇಕು?” ಎಂದು ಅವನು ಕೇಳಿದ್ದನ್ನು ನಾನು ಕೇಳಿಯೇ ಇಲ್ಲ. “ಎಷ್ಟು ಜಿಬಿ ತುಂಬಲಿ?” ಎನ್ನುತ್ತಿದ್ದ. ಮನೆಗೆ ಬಂದು ಮೊಬೈಲ್ ತೆರೆದರೆ ಹಾಡಿನ ಹೆಸರಿರಬೇಕಾದ ಕಡೆ ಅಂಗಡಿಯ ಹೆಸರು, ಗಾಯಕರ ಹೆಸರಿರಬೇಕಾದ ಕಡೆ ಅಂಗಡಿಯ ಮೊಬೈಲ್ ನಂಬರು, ಚಿತ್ರದ ಜಾಗದಲ್ಲಿ ಕೂಲಿಂಗ್ ಗ್ಲಾಸ್ ಹಾಕಿಕೊಂಡ ಅಂಗಡಿಯವನ ಫೋಟೊ.

ಎಂಪಿ3 ಫೈಲಿನಲ್ಲಿ ಹೆಸರಿಗೆ ಜಾಗವೇ ಇರಲಿಲ್ಲ ಎನ್ನುವಂತಿಲ್ಲ. 1996ರಿಂದಲೇ ಐಡಿ3 ಎಂಬ ಏರ್ಪಾಡು ಇದೆ. ಅದರ ಮೊದಲ ರೂಪದಲ್ಲಿ ಫೈಲಿನ ಕೊನೆಯ 128 ಬೈಟ್, ಎಂದರೆ ಸುಮಾರು ಅಷ್ಟೇ ಇಂಗ್ಲಿಷ್ ಅಕ್ಷರಗಳ ಜಾಗ, ಮಾಹಿತಿಗೆ ಮೀಸಲು. ಹಾಡಿನ ಹೆಸರಿಗೆ 30, ಕಲಾವಿದರಿಗೆ 30, ಆಲ್ಬಮ್ಮಿಗೆ 30. ಇಡೀ ಕ್ಯಾಸೆಟ್ ಹೊದಿಕೆ ಕುಗ್ಗಿ ಇಷ್ಟಾಯಿತು. ಅದನ್ನೂ ಯಾರು ಬೇಕಾದರೂ ಅಳಿಸಿ ತಮ್ಮ ಹೆಸರು ಬರೆದುಕೊಳ್ಳಬಹುದಿತ್ತು, ಬರೆದುಕೊಂಡರು. ನಮ್ಮವರಿಗೆ ಡೌನ್‌ಲೋಡ್ ಮಾಡಿದ ನಿಜವಾದ ಗಾಯ ಇದು. ದುಡ್ಡು ಮೊದಲೂ ಇರಲಿಲ್ಲ, ಈಗ ಹೆಸರೂ ಹೋಯಿತು. ಯಾದಗಿರಿಯ ಕಡೆ ಒಂದು ಮದುವೆಯಲ್ಲಿ ತಮ್ಮದೇ ಪದ ಧ್ವನಿವರ್ಧಕದಲ್ಲಿ ಬರುತ್ತಿದ್ದಾಗ ಪಕ್ಕದಲ್ಲಿ ಕುಳಿತವರು ಕಾಕಾನಿಗೇ ಹೇಳಿದರಂತೆ: “ಈ ಹಾಡಿನವರು ತೀರಿಕೊಂಡು ಬಹಳ ವರ್ಷವಾಯಿತು.” ಕಾಕಾ ಇದನ್ನು ನಗುತ್ತಲೇ ಹೇಳುತ್ತಾರೆ. ನನಗೆ ನಗು ಬರುವುದಿಲ್ಲ.

ತತ್ವಪದದ ಕವಿಗಳು ಈ ವಿಷಯದಲ್ಲಿ ಜಾಣರು. ಕಡಕೋಳ ಮಡಿವಾಳಪ್ಪನವರ ಪರಂಪರೆಯ ಪದಗಳನ್ನು ಅಕ್ಷರ ಬಾರದವರೂ ಬಾಯಿಂದ ಬಾಯಿಗೆ ದಾಟಿಸಿದರು, ಆದರೂ ಯಾವ ಪದ ಯಾರದೆಂಬುದು ಉಳಿಯಿತು. ಕೊನೆಯ ನುಡಿಯಲ್ಲಿ ಅಂಕಿತ ಕೂತಿದೆ, ಅದನ್ನು ಕಿತ್ತರೆ ಪದವೇ ಕುಂಟುತ್ತದೆ. ಹಾಡುವವರಿಗೆ ಅಂಥ ಅಂಕಿತವಿಲ್ಲ. ಇನ್ನೊಂದು ತಮಾಷೆ ನೋಡಿ. ಭಜನೆಯ ನಡುವೆ ಯಾರಾದರೂ ನೂರು ರೂಪಾಯಿ ಇನಾಮು ಕೊಟ್ಟರೆ ಹಾಡು ನಿಲ್ಲಿಸಿ, ಅವರ ಹೆಸರು, ಅಪ್ಪನ ಹೆಸರು, ಊರು ಎಲ್ಲವನ್ನೂ ಮೈಕಿನಲ್ಲಿ ಕೂಗುತ್ತೇವೆ. ಮೊಬೈಲಿನಲ್ಲಿ ಮುದ್ರಿಸಿಕೊಂಡ ಹಾಡಿನಲ್ಲಿ ಕೊಟ್ಟವರ ಹೆಸರು ಶಾಶ್ವತ, ಹಾಡಿದವರದಿಲ್ಲ!

ಹೊರಗಿನ ಕಥೆ ಎಲ್ಲರಿಗೂ ಗೊತ್ತಿರುವಂಥದ್ದು. 1999ರಲ್ಲಿ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಹಾಡು ಹಂಚಿಕೊಳ್ಳುವ ನ್ಯಾಪ್‌ಸ್ಟರ್ ಬಂತು, ಕಂಪನಿಗಳು ಕೋರ್ಟಿಗೆ ಹೋದವು, 2001ರಲ್ಲಿ ಅದರ ಬಾಗಿಲು ಮುಚ್ಚಿತು. 2003ರಲ್ಲಿ ಆಪಲ್ 99 ಸೆಂಟಿಗೊಂದು ಹಾಡು ಮಾರತೊಡಗಿತು. ಕೊನೆಗೆ ಡೌನ್‌ಲೋಡನ್ನು ಮೂಲೆಗೆ ತಳ್ಳಿದ್ದು ಕೋರ್ಟಲ್ಲ, ಹಾಡನ್ನು ಇಳಿಸಿಕೊಳ್ಳದೆ ನೆಟ್ಟಿನಿಂದಲೇ ನೇರ ಕೇಳುವ ಸ್ಟ್ರೀಮಿಂಗ್. 2023ರಲ್ಲಿ ಜಗತ್ತಿನ ಧ್ವನಿಮುದ್ರಿತ ಸಂಗೀತದ ಆದಾಯ 2,860 ಕೋಟಿ ಡಾಲರ್, ಅದರಲ್ಲಿ ಮೂರನೇ ಎರಡು ಪಾಲು ಸ್ಟ್ರೀಮಿಂಗಿನದು. ಉದ್ಯಮ ಸತ್ತಿತು ಎನ್ನುವವರು ಈ ಲೆಕ್ಕ ನೋಡಬೇಕು. ನಮ್ಮಲ್ಲಿ 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಕಾರ್ಡ್ ತುಂಬುವ ಹುಡುಗರು ಮೊಬೈಲ್ ಕವರ್ ಮಾರಲು ಕುಳಿತರು.

ಹಾಗೆಂದು ಸ್ಟ್ರೀಮಿಂಗಿಗೆ ಆರತಿ ಎತ್ತಲು ನಾನು ತಯಾರಿಲ್ಲ. ಆ್ಯಪಿನಲ್ಲಿ ‘ಡೌನ್‌ಲೋಡ್’ ಮಾಡಿಕೊಂಡ ಹಾಡು ಚಂದಾ ನಿಂತ ದಿನ ಬಾಯಿ ಮುಚ್ಚುತ್ತದೆ. ಹಳೆಯ ಕಾರ್ಡಿನ ಹಾಡು ಮಾತ್ರ ಟ್ರ್ಯಾಕ್ಟರಿನಲ್ಲಿ ಇಂದಿಗೂ ಕೂಗುತ್ತಿದೆ. ಇನ್ನು ಹಣದ ಮಾತು. ಸ್ಟ್ರೀಮಿಂಗ್ ಆ್ಯಪ್ ಸ್ಪಾಟಿಫೈ 2024ರಿಂದ ತಂದ ನಿಯಮದ ಪ್ರಕಾರ ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ಧ್ವನಿಮುದ್ರಣದ ಪಾಲು ಸಿಗುವುದಿಲ್ಲ. ಯೂಟ್ಯೂಬಿನಲ್ಲಿ ಜಾಹೀರಾತಿನ ಹಣ ಕಾಣಬೇಕಾದರೆ 1,000 ಚಂದಾದಾರರು ಬೇಕು, ಜೊತೆಗೆ ಒಂದು ವರ್ಷದಲ್ಲಿ 4,000 ಗಂಟೆಗಳ ವೀಕ್ಷಣೆಯೋ, ಕಿರುವಿಡಿಯೊಗಳಿಗೆ ಅದಕ್ಕೆ ಸಮನಾದ ಲೆಕ್ಕವೋ ಆಗಬೇಕು. ನಮ್ಮ ಮೇಳಗಳಿಗೆ ಇದು ಆಗದ ಮಾತಲ್ಲ, ಜನ ಕೇಳುತ್ತಾರೆ. ಆದರೆ ಕೇಳುವುದು ಯಾರ ಚಾನೆಲ್ಲಿನಲ್ಲಿ? ಕಾಕಾನ ಹಳೆಯ ಪದಗಳು ಓಡುತ್ತಿರುವುದು ಅವರಿಗೆ ಪರಿಚಯವೇ ಇಲ್ಲದವರ ಚಾನೆಲ್ಲುಗಳಲ್ಲಿ. ಅವೇ ಪದಗಳನ್ನು ಮೊಮ್ಮಗ ಅಪ್‌ಲೋಡ್ ಮಾಡಿದಾಗ ಇನ್ನೊಬ್ಬರ ಹಕ್ಕಿನ ಧ್ವನಿಮುದ್ರಣವೆಂದು ನೋಟಿಸ್ ಬಂತು. ಅಜ್ಜನ ದನಿಗೆ ಮೊಮ್ಮಗ ಕಳ್ಳ.

ಇಲ್ಲಿ ಕಾನೂನು ತಿಳಿದಿರಬೇಕು. ಕವಿ ತೀರಿಹೋದ 60 ವರ್ಷಗಳ ನಂತರ ಪದ ಸಾರ್ವಜನಿಕ ಸ್ವತ್ತು. ಹಳೆಯ ತತ್ವಪದದ ಮೇಲೆ ಯಾವ ಕಂಪನಿಗೂ ಹಕ್ಕಿಲ್ಲ. ಆದರೆ ಆ ಒಂದು ಧ್ವನಿಮುದ್ರಣದ ಮೇಲೆ ಅದನ್ನು ಮಾಡಿಸಿದವರಿಗೆ 60 ವರ್ಷ ಹಕ್ಕಿದೆ. ಆದ್ದರಿಂದ ಅದೇ ಪದವನ್ನು ಹಳೆಯ ಧಾಟಿಯಲ್ಲಿ ಹೊಸದಾಗಿ ಹಾಡಿ ಹಾಕಿದರೆ ಯಾರೂ ತಡೆಯುವಂತಿಲ್ಲ. ಯೂಟ್ಯೂಬಿನ ಯಂತ್ರ ಅದನ್ನು ಹಳೆಯ ಧ್ವನಿಮುದ್ರಣವೆಂದು ತಪ್ಪಾಗಿ ಹಿಡಿದರೆ ಆಕ್ಷೇಪ ಸಲ್ಲಿಸಬೇಕೇ ಹೊರತು ಹೆದರಿ ಅಳಿಸಬಾರದು. ಸ್ವಂತ ಸಾಹಿತ್ಯ, ಸ್ವಂತ ಧಾಟಿ ಇದ್ದವರಿಗೆ 2012ರ ಕೃತಿಸ್ವಾಮ್ಯ ತಿದ್ದುಪಡಿ ದೊಡ್ಡ ಬಲ. ಧ್ವನಿಮುದ್ರಣದ ಹಕ್ಕನ್ನು ಕಂಪನಿಗೆ ಕೊಟ್ಟರೂ ರಾಯಧನದ ಸಮಪಾಲನ್ನು ಬಿಟ್ಟುಕೊಡಲು ಕಾನೂನೇ ಅವಕಾಶ ಕೊಡುವುದಿಲ್ಲ. ಕವಿಗಳಿಗೆ, ಸಂಗೀತ ಕಟ್ಟುವವರಿಗೆ ರಾಯಧನ ವಸೂಲಿ ಮಾಡಿ ಹಂಚುವ ಸಂಘವಾದ ಐಪಿಆರ್‌ಎಸ್ ಇದೆ, ಗಾಯಕರಿಗೆ 2013ರಲ್ಲಿ ಇಸ್ರಾ ಎಂದು ಶುರುವಾಗಿ ಈಗ ಇಸಾಮ್ರಾ ಎನಿಸಿಕೊಂಡಿರುವ ಅಂಥದೇ ಸಂಘ ಇದೆ. ಕಲಬುರಗಿ, ಬೀದರ್, ಯಾದಗಿರಿಯ ಸಾಂಸ್ಕೃತಿಕ ಕಾರ್ಯಕ್ರಮಗಳಲ್ಲಿ ಶಾಲು, ಹಾರಕ್ಕೆ ಕಳೆಯುವ ಹೊತ್ತಿನಲ್ಲಿ ಅರ್ಧ ಗಂಟೆ ಈ ಸಂಘಗಳ ಅರ್ಜಿ ತುಂಬಿಸಲು ಕೊಟ್ಟರೆ ಏನು ನಷ್ಟ? ಐಎಸ್‌ಆರ್‌ಸಿ ಎಂಬ 12 ಅಕ್ಷರದ ಸಂಖ್ಯೆ ಪ್ರತಿ ಧ್ವನಿಮುದ್ರಣಕ್ಕೂ ಸಿಗುತ್ತದೆ. ಹಾಡು ಯಾವ ಆ್ಯಪಿಗೆ ಹೋದರೂ ಲೆಕ್ಕ ಸೇರುವುದು ಆ ಸಂಖ್ಯೆಯ ಮೂಲಕ. ಶಾಲಿಗಿಂತ ಅದು ಬೆಚ್ಚಗೆ.

ಇತ್ತೀಚೆಗೆ ಕೆಲವು ಮೇಳದವರು ಒಂದು ಉಪಾಯ ಮಾಡಿದ್ದಾರೆ, ನನಗೆ ಬಹಳ ಹಿಡಿಸಿತು. ಹಾಡಿಗೆ ಮುನ್ನ ಹಾರ್ಮೋನಿಯಂ ಶ್ರುತಿ ಹಿಡಿದಿರುವಾಗಲೇ ಗಾಯಕರು ತಮ್ಮ ಹೆಸರು, ಊರು, ತಬಲಾದವರ ಹೆಸರು ಹೇಳಿ ಪದ ಎತ್ತುತ್ತಾರೆ. ಕತ್ತರಿಸಲು ಹೋದರೆ ಮೊದಲ ಸಾಲು ಹಾಳಾಗುತ್ತದೆ. ಯಾವ ಫೋಲ್ಡರಿಗೆ ಹೋದರೂ ಹೆಸರು ಹಾಡಿನ ಜೊತೆಗೇ ಹೋಗುತ್ತದೆ.

ಕಾಕಾನ ಮೊಮ್ಮಗ ಈಗ ಹೊಸ ಮುದ್ರಣಗಳಿಂದ ಚಾನೆಲ್ ಕಟ್ಟಿದ್ದಾನೆ. 100 ಡಾಲರ್ ಕೂಡಿದ ಮೇಲೆ ಬರುವ ಮೊದಲ ಹಣ ಬ್ಯಾಂಕಿಗೆ ಬಂತು, ಅಂದೇ ಮೇಳದಲ್ಲಿ ಜಗಳವೂ ಶುರುವಾಯಿತು. ಖಾತೆ ತನ್ನದು, ಮೊಬೈಲ್ ತನ್ನದು ಎಂದು ಮೊಮ್ಮಗ. ದನಿ ಅಜ್ಜನದು ಎಂದು ಮನೆಯವರು. ಹಿಂದೆ ಕುಳಿತು ರಾತ್ರಿಯಿಡೀ ತಾಳ ಹಾಕಿ ಸೊಲ್ಲು ಹಿಡಿದವರು ಸುಮ್ಮನಿದ್ದರು, ಕೇಳುವುದು ಅವರಿಗೆ ರೂಢಿಯಿಲ್ಲ. ನಾನು ತಾಳದವರ ಪರ ಮಾತಾಡಿ ಬಂದಿದ್ದೇನೆ, ಹುಡುಗನಿಗೆ ನನ್ನ ಮೇಲೆ ಸಿಟ್ಟಿದೆ. ಪಾಲು ಎಷ್ಟೆಷ್ಟು ಎಂದು ಕನ್ನಡದಲ್ಲೇ ಒಂದು ಕಾಗದ ಬರೆದು, ಎಲ್ಲರ ಮುಂದೆ ಓದಿ, ಆಮೇಲೆ ಸಹಿ ಹಾಕಿಸು ಎಂದು ಹೇಳಿದ್ದೇನೆ. ಮುಂದಿನ ಅಮಾವಾಸ್ಯೆಯ ಭಜನೆಗೆ ಕರಡು ತರುತ್ತೇನೆ ಎಂದಿದ್ದಾನೆ.